ಸೂಪಿನ ಮನೆಯ ಹೆಣ್ಣು

ನಮ್ಮಣ್ಣ ಫೆಸ್ಟಿ ಡೀಲಿಯಾ ಎಂಬ ಹುಡುಗಿಯನ್ನು ಮದುವೆಯಾಗಿ ಕರೆತಂದ ದಿನವೇ ನಮ್ಮಮ್ಮ ಸಬೀನಾ ಮನೆಯಲ್ಲಿ ಒಂದು ಪದಕ್ಕೆ ಬೀಗ ಹಾಕಿದಳು. ಸೂಪು ಎಂಬ ಪದಕ್ಕೆ.

“ಆ ಹುಡುಗಿ ಎದುರಿಗೆ ಆ ಮಾತು ಯಾರ ಬಾಯಲ್ಲೂ ಬರ್ಕೂಡ್ದು. ಕೇಳಿಸ್ತಾ?” ಎಂದು ನನಗೂ ಅಪ್ಪನಿಗೂ ತಾಕೀತು ಮಾಡಿದಳು.

ಕೇಳಿದವರಿಗೆ ಇದು ದೊಡ್ಡ ಮನಸ್ಸು ಅನ್ನಿಸಬೇಕು. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆಮೇಲೆ ನೋಡಿದರೆ ಪದದ ಜೊತೆಗೆ ಪದಾರ್ಥವೂ ಮನೆಯಿಂದ ಹೋಗಿತ್ತು. ಭಾನುವಾರದ ಮೂಳೆಗಳನ್ನು ಹಿಂದೆಲ್ಲ ಟರ್ನಿಪ್ಪು, ಬಾರ್ಲಿ ಹಾಕಿ ಕುದಿಸುತ್ತಿದ್ದೆವು. ಈಗ ಅಮ್ಮ ಅವನ್ನು ಡೀಲಿಯಾಳ ಕಣ್ಣೆದುರೇ ನಾಯಿಗೆ ಹಾಕುತ್ತಿದ್ದಳು. ನಾಯಿ ಹೊಸ್ತಿಲ ಬಳಿ ಕೂತು ಕಟಕಟ ಕಡಿಯುವಾಗ ಡೀಲಿಯಾ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಬಾಯಿಬಿಟ್ಟು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲವೇನೋ.

ನಮ್ಮ ಕಿಲ್‌ಡೂನಿನಲ್ಲಿ ಪ್ಯಾಡೆನ್ ಮನೆತನ ಎಂದರೆ ಸೂಪಿನ ಮನೆ. ಕೆಟ್ಟ ಕಾಲದಲ್ಲಿ, ಅಂದರೆ ಆಲೂಗಡ್ಡೆ ಹೊಲದಲ್ಲೇ ಕಪ್ಪಾಗಿ ಕೊಳೆತು ಊರಿಗೆ ಊರೇ ಸತ್ತ ವರ್ಷಗಳಲ್ಲಿ, ಯಾರೋ ಪ್ರೊಟೆಸ್ಟೆಂಟ್ ಬೋಧಕರು ಸೇತುವೆ ಬಳಿ ಶಾಲೆ ತೆರೆದು ದೊಡ್ಡ ಕಡಾಯಿ ಇಟ್ಟರಂತೆ. ಅವರ ಪ್ರಾರ್ಥನೆಗೆ ಬಂದು ಕೂತವರಿಗೆ ಸೂಪು, ನಮ್ಮ ಕ್ಯಾಥೊಲಿಕ್ ಚರ್ಚೇ ನಮಗಿರಲಿ ಅಂದವರಿಗೆ ಬರಿಗೈ. ಡೀಲಿಯಾಳ ಮುತ್ತಜ್ಜಿ ಊನಾ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಕೂತಳು. ಮಕ್ಕಳು ಬದುಕಿದವು. ಕಾಲ ಸುಧಾರಿಸಿದ ಮೇಲೆ ಬಿಳಿ ದುಪ್ಪಟಿ ಹೊದ್ದು ನಮ್ಮ ಚರ್ಚಿನ ಬಾಗಿಲಲ್ಲಿ ನಿಂತು, ಎಲ್ಲರೆದುರು ತಪ್ಪೊಪ್ಪಿಕೊಂಡು ವಾಪಸು ಬಂದಳು. ದೇವರು ಕ್ಷಮಿಸಿದ ಎಂದು ಪಾದ್ರಿಗಳು ಹೇಳಿದರು. ಊರು ಕ್ಷಮಿಸಲಿಲ್ಲ. ತೊಂಬತ್ತು ವರ್ಷವಾದರೂ ಪ್ಯಾಡೆನ್ ಮನೆಯವರು ರಸ್ತೆಯಲ್ಲಿ ಹೋದರೆ ಗೋಡೆಯ ಹಿಂದಿನಿಂದ ಯಾರಾದರೂ ತುಟಿ ಚೂಪು ಮಾಡಿ ಸೊರ್ರ್ ಎಂದು ಹೀರುತ್ತಾರೆ. ಬೇರೆ ಬೈಗುಳ ಬೇಕಾಗಿಲ್ಲ.

ಅಂಥ ಮನೆಯ ಹುಡುಗಿಯನ್ನೇ ಮಾಡಿಕೊಳ್ಳುತ್ತೇನೆಂದು ಫೆಸ್ಟಿ ಹಟ ಹಿಡಿದು ಗೆದ್ದಿದ್ದ. ಅವನ ಜನ್ಮದ ಧೈರ್ಯವೆಲ್ಲ ಆ ಒಂದು ಹಟಕ್ಕೇ ಖರ್ಚಾಗಿಹೋಯಿತು. ಆಮೇಲೆ ಅಮ್ಮ ಕೆಮ್ಮಿದರೆ ಸಾಕು, ಎದ್ದು ನಿಲ್ಲುತ್ತಿದ್ದ.

ಮನೆ ನಿಜವಾಗಿ ವಿನ್ನಿ ಅಜ್ಜಿಯದು, ಅಂದರೆ ಅಮ್ಮನ ಅಮ್ಮನದು. ನಮ್ಮಪ್ಪ ಆಸ್ಟಿನ್ ಇಲ್ಲಿಗೆ ಬಂದ ಮನೆ ಅಳಿಯ. ಮಳೆ ಬರುತ್ತದೆ ಎಂದು ಅವನು ಹೇಳಿದರೆ ಅಮ್ಮ ಬಾಗಿಲಾಚೆ ಕೈಚಾಚಿ ನೋಡಿಯೇ ನಂಬುತ್ತಿದ್ದಳು.

ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಪಾದ್ರಿಗಳು ಚರ್ಚಿನಲ್ಲಿ ಸರದಿ ಪೂಜೆಯ ಮನೆಗಳ ಹೆಸರು ಹೇಳಿದರು. ಚರ್ಚಿನ ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಊರೂರಿನ ಮನೆಗೇ ಬರುವ ಪದ್ಧತಿ ನಮ್ಮದು. ಪಾದ್ರಿಗಳು ಅಡುಗೆಮನೆಯಲ್ಲೇ ಪಾಪನಿವೇದನೆ ಕೇಳಿ, ಮೇಜಿನ ಮೇಲೆ ಪೂಜೆ ಮಾಡಿ, ನೆರೆಹೊರೆಯವರ ಜೊತೆ ಕೂತು ತಿಂಡಿ ತಿಂದು ಹೋಗುತ್ತಾರೆ. ನಮ್ಮೂರಿನ ಸರದಿ ಈ ಸಲ ಆಸ್ಟಿನ್ ರುವಾನ್ ಮನೆಗೆ ಎಂದಾಗ ಅಮ್ಮ ಬೆನ್ನು ನೆಟ್ಟಗೆ ಮಾಡಿಕೊಂಡಳು. ಅಪ್ಪನ ಹೆಸರಿಗೆ ಆ ಮನೆ ಅಂಟಿಕೊಳ್ಳುವುದು ಅಂಥ ದಿನ ಮಾತ್ರ.

ಅಂದಿನಿಂದ ಮನೆಯಲ್ಲಿ ಒಬ್ಬರಿಗೂ ಉಸಿರಾಡಲು ಬಿಡುವಿರಲಿಲ್ಲ. ಹಗಲು ಆಲೂಗಡ್ಡೆ ಅಗೆಯಬೇಕು, ಸಂಜೆ ಗೋಡೆಗೆ ಸುಣ್ಣ ಬಳಿಯಬೇಕು, ಬಾಗಿಲಿಗೆ ಹಸಿರು ಬಣ್ಣ, ಹೊಗೆ ಹಿಡಿದ ತೊಲೆಗಳಿಗೆ ಸೋಪಿನ ನೀರು. ಡೀಲಿಯಾ ಆಗ ಬಸುರಿ, ಹೊಟ್ಟೆ ಕಾಣತೊಡಗಿತ್ತು. ಆದರೂ ಏಣಿ ಹತ್ತಿ ತೊಲೆ ತಿಕ್ಕಿದವಳು ಅವಳೇ. ಅಮ್ಮ ಕೆಳಗೆ ನಿಂತು, “ಆ ಮೂಲೇಲಿ ಇನ್ನೂ ಕಪ್ಪಿದೆ ನೋಡು” ಎನ್ನುತ್ತಿದ್ದಳು.

ಪಾದ್ರಿಗಳಿಗೆ ಟೀ ಕೊಡಲು ಒಳ್ಳೆಯ ಪಿಂಗಾಣಿ ಬೇಕಲ್ಲ. ಊರಿನಲ್ಲಿ ಚಿನ್ನದ ಅಂಚಿನ ಕಪ್ಪುಗಳಿದ್ದದ್ದು ಪಕ್ಕದ ಹೊಲದ ಹೊನೋರಾಳ ಮನೆಯಲ್ಲಿ ಮಾತ್ರ. ಪ್ರತಿ ಸರದಿಗೂ ಅವೇ ಕಪ್ಪುಗಳು ಬುಟ್ಟಿಯಲ್ಲಿ ಹುಲ್ಲಿನ ಮಧ್ಯೆ ಕೂತು ಮನೆಯಿಂದ ಮನೆಗೆ ಹೋಗುತ್ತಿದ್ದವು. ಹೊನೋರಾ ಒಂದು ಸಂಜೆ ತಾನೇ ಬಂದು ಬೆಂಕಿಯ ಮುಂದೆ ಕೂತಳು. ಡೀಲಿಯಾ ಬಾವಿಗೆ ಹೋಗಿದ್ದಳು.

“ಕಪ್ಪು ಕೊಡೋದಕ್ಕೇನು ಸಬೀನಾ, ನಿನಗಿಲ್ಲ ಅಂತೀನಾ? ಆದ್ರೆ ಜನ ಕೇಳ್ತಿದಾರೆ.”

“ಏನಂತ?”

“ಟೀ ಬಗ್ಸೋರು ಯಾರು ಅಂತ. ಸೊಸೆ ಬಂದ ಮನೇಲಿ ಸೊಸೆ ತಾನೇ ಬಗ್ಸೋದು ಪದ್ಧತಿ. ನಾನಂತೂ ಏನೂ ಅನ್ಕೊಳಲ್ಲಪ್ಪ. ಆದ್ರೆ ಪರಮಪ್ರಸಾದ ತಗೊಂಡ ಬಾಯಿಗೆ ಆ ಕೈಯಿಂದ…” ಎಂದು ಹೊನೋರಾ ಮಾತು ಮುಗಿಸದೆ ತುಟಿ ಒಳಗೆಳೆದುಕೊಂಡಳು. ಸಣ್ಣಗೆ ಸೊರ್ರ್ ಎಂದಿತು.

ಅಮ್ಮ ಸೊಸೆಯ ಪರವಾಗಿ ಒಂದು ಮಾತು ಆಡಿದ್ದರೆ ಸಾಕಿತ್ತು. “ಸ್ಟೇಸಿ ಬಗ್ಸ್ತಾಳೆ” ಎಂದಳು, ನನ್ನ ಕಡೆ ತಿರುಗಿಯೂ ನೋಡದೆ.

“ನಾನು ಬಗ್ಸಲ್ಲ” ಎಂದೆ.

“ನಿನ್ನನ್ನ ಯಾರೂ ಕೇಳಿಲ್ಲ.”

ಅಷ್ಟರಲ್ಲಿ ಡೀಲಿಯಾ ಬಕೆಟ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ. ಹೊನೋರಾ ಎದ್ದು, “ಹುಷಾರಾಗಿರಮ್ಮ, ಭಾರ ಎತ್ಬೇಡ” ಎಂದು ಅವಳ ಭುಜ ತಟ್ಟಿ ಹೋದಳು. ಆ ತಟ್ಟಿದ ಕೈ ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ರಾತ್ರಿ ಊಟಕ್ಕೆ ಆಲೂಗಡ್ಡೆ, ಕೋಸು, ಒಂದೊಂದು ಮೀನು. ಡೀಲಿಯಾ ತನ್ನ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ ಕೇಳಿದಳು:

“ಸರದಿ ದಿನ ನಾನೆಲ್ಲಿರ್ಬೇಕು ಅತ್ತೆ?”

“ಕಂದು ಕರುಗೆ ಹುಷಾರಿಲ್ಲ. ಕೊಟ್ಟಿಗೇಲಿ ಯಾರಾದ್ರೂ ಇರ್ಬೇಕಲ್ಲ.”

“ಕರುಗೆ ಹುಷಾರಾಗಿ ವಾರ ಆಯ್ತು” ಎಂದ ಅಪ್ಪ.

“ನೀವು ಸುಮ್ನೆ ಉಣ್ಣಿ.”

ಅಪ್ಪ ಸುಮ್ಮನೆ ಉಂಡ. ಫೆಸ್ಟಿ ಮೀನಿನ ಮುಳ್ಳು ಆರಿಸುವುದರಲ್ಲಿ ಮುಳುಗಿಹೋಗಿದ್ದ. ಆ ಮೀನಿನಲ್ಲಿ ಅಷ್ಟೊಂದು ಮುಳ್ಳೇ ಇರಲಿಲ್ಲ.

ಜಗಳ ಕೊನೆಗೂ ಹೊತ್ತಿಕೊಂಡಿದ್ದು ಟೀಯಿಂದಲ್ಲ, ಒಂದು ಕಲ್ಲಿನಿಂದ.

ನಮ್ಮ ಹಿತ್ತಲಿನ ಕಲ್ಲುಗೋಡೆಯಲ್ಲಿ ಒಂದು ಕಂಡಿ ಇತ್ತು. ಮಂಡಿಯೆತ್ತರದಲ್ಲಿ, ಒಂದು ಕಲ್ಲು ತೆಗೆದಷ್ಟು. ಗೋಡೆಯಾಚೆ ಗಿಡಗಂಟಿ ಬೆಳೆದ ಪಾಳುಮನೆ, ಪ್ಯಾಡೆನ್ನರು ಗುಡ್ಡದಾಚೆಗೆ ಹೋಗುವ ಮೊದಲು ಇದ್ದದ್ದು. ಆ ಕಂಡಿ ಮುಚ್ಚಲು ಅಜ್ಜಿ ಯಾರಿಗೂ ಬಿಟ್ಟವಳಲ್ಲ. ಅಷ್ಟೇ ಅಲ್ಲ, ದಿನಾ ಮಧ್ಯಾಹ್ನ ಮಡಕೆಯಿಂದ ತೆಗೆದ ಮೊದಲ ಆಲೂಗಡ್ಡೆಯನ್ನು ಕೋಲೂರಿಕೊಂಡು ಹೋಗಿ ಅದರಲ್ಲಿ ಇಟ್ಟು ಬರುತ್ತಿದ್ದಳು. ಹೊಲಗುಡ್ಡಗಳಲ್ಲಿ ಕಣ್ಣಿಗೆ ಕಾಣದಂತೆ ಇರುತ್ತಾರೆನ್ನುವ ಅಗೋಚರ ಜನಕ್ಕೆ ಇಡುತ್ತಾಳೆಂದು ನಾವು ಚಿಕ್ಕಂದಿನಿಂದ ನಂಬಿದ್ದೆವು. ತಿನ್ನುತ್ತಿದ್ದದ್ದು ಕೋಳಿಗಳು.

ಸರದಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕೆಂದು ಅಮ್ಮ ಹಟ ಹಿಡಿದಿದ್ದಳಲ್ಲ, ಅಪ್ಪನ ಕೈಯಲ್ಲಿ ಆ ಕಂಡಿಗೆ ಕಲ್ಲು ತುಂಬಿಸಿ ಸುಣ್ಣ ಬಳಿಸಿದಳು. ಮರುದಿನ ಅಜ್ಜಿ ಬಿಸಿ ಆಲೂಗಡ್ಡೆಯನ್ನು ಏಪ್ರನ್ನಿನ ಅಂಚಿನಲ್ಲಿ ಹಿಡಿದು ಹೋದವಳು ಹಾಗೇ ವಾಪಸು ಬಂದಳು. ಆಲೂಗಡ್ಡೆಯನ್ನು ಮೇಜಿನ ಮೇಲೆ, ಅಮ್ಮನ ತಟ್ಟೆಯ ಪಕ್ಕ ಇಟ್ಟಳು.

“ಕಂಡಿ ಮುಚ್ಚಿದ್ಯಾರು?”

“ನಾನೇ ಮುಚ್ಸಿದೆ. ಪಾದ್ರಿಗಳು ಬರ್ತಾರೆ, ಗೋಡೆ ಹಲ್ಲುದುರಿದ ಮುದುಕಿ ಥರ ಇತ್ತು.”

“ಹಲ್ಲುದುರಿದ ಮುದುಕಿ ನಾನು. ನನ್ನನ್ನೂ ಮುಚ್ಚಿಬಿಡು” ಎಂದು ಅಜ್ಜಿ ಹೋಗಿ ಬೆಂಕಿಯ ಬಳಿ ಕೂತಳು.

ಅಂದು ಅವಳು ಉಣ್ಣಲಿಲ್ಲ. ಮಾರನೇ ದಿನವೂ ಇಲ್ಲ. ಟೀ ಕೊಟ್ಟರೆ ಮುಖ ತಿರುಗಿಸಿದಳು, ಮೊಟ್ಟೆ ಬೇಯಿಸಿಕೊಟ್ಟರೆ ನಾಯಿಗೆ ಹಾಕಿದಳು. ಅಮ್ಮ ಗದರಿದಳು, ಬೇಡಿಕೊಂಡಳು, ಪಾತ್ರೆ ಕುಕ್ಕಿದಳು. ಕೊನೆಗೆ ನಾವೆಲ್ಲ ಹೊಲದಿಂದ ಬಂದು ಕೂತಿದ್ದ ಒಂದು ಸಂಜೆ, “ಹೀಗೆ ಹಸಿದು ಸತ್ತು ಸರದಿ ಮನೆಗೆ ಸೂತಕ ತರ್ಬೇಕು ಅಂತ ಮಾಡಿದೀಯಾ?” ಎಂದು ಕೂಗಾಡಿದಳು.

“ಹಸಿದು ಸಾಯೋದು ಈ ಮನೆಗೇನು ಹೊಸದಾ?” ಎಂದಳು ಅಜ್ಜಿ. “ನಮ್ಮಮ್ಮ ಸಿಸಿಲಿ ಇದೇ ಮನೇಲಿ ತನ್ನವರೆಲ್ಲ ಸತ್ತಿದ್ದನ್ನ ನೋಡಿದ್ಲು.”

“ಗೊತ್ತಲ್ಲ. ಬೇಲಿ ಸೊಪ್ಪು, ಸಮುದ್ರದ ಚಿಪ್ಪು ತಿಂದು ಅವಳೊಬ್ಳು ಉಳಿದ್ಲು. ಎಷ್ಟು ಸಲ ಹೇಳಿದೀಯ.”

“ಸಾವಿರ ಸಲ ಹೇಳಿದೀನಿ. ಸಾವಿರ ಸಲಾನೂ ಸುಳ್ಳು ಹೇಳಿದೀನಿ.”

ಅಡುಗೆಮನೆಯಲ್ಲಿ ಎಲ್ಲರೂ ಅವಳ ಕಡೆ ತಿರುಗಿದೆವು. ಡೀಲಿಯಾ ಹಂದಿಗೆಂದು ಸಣ್ಣ ಆಲೂಗಡ್ಡೆ ಬೇರೆ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

“ಅವಳಪ್ಪ ಮಹಾ ದೈವಭಕ್ತ. ಸೂಪಿನ ವಾಸನೆ ಒಳಗೆ ಬರ್ಬಾರ್ದು ಅಂತ ಬಾಗಿಲ ಸಂದಿಗೆ ಹುಲ್ಲು ತುರುಕ್ದ. ಶುದ್ಧವಾಗಿ ಸಾಯೋಣ ಅಂದ. ಸತ್ತ. ಹೆಂಡ್ತಿ ಸತ್ಲು, ಗಂಡುಮಕ್ಳು ಸತ್ರು. ಸಿಸಿಲಿ ಏಳು ವರ್ಷದ ಹುಡುಗಿ. ಹಿಂದಿನ ಕಿಟಕೀಲಿ ತೂರಿ ಗೋಡೆ ಹತ್ರ ಹೋಗೋಳು. ಊನಾ ಪ್ಯಾಡೆನ್ ಶಾಲೆಯಿಂದ ತನ್ನ ಪಾಲಿನ ಸೂಪನ್ನ ಡಬ್ಬೀಲಿ ತಂದು ಆ ಕಂಡೀಲಿ ಇಡೋಳು. ಮಕ್ಕಳ ಪಾಲಲ್ಲ, ತನ್ನ ಪಾಲು. ಆ ಕಂಡಿ ಮಂಡಿಯೆತ್ತರಕ್ಕೆ ಯಾಕಿದೆ ಅಂತ ನಿಮಗೆ ಯಾರಿಗೂ ಒಂದು ದಿನ ಅನ್ನಿಸ್ಲಿಲ್ವಾ? ಮಗು ಕೈಗೆ ಎಟುಕ್ಲಿ ಅಂತ.”

ಬೆಂಕಿಯಲ್ಲಿ, ಸೌದೆಯ ಬದಲು ಉರಿಸುವ ಒಣ ಜೌಗುಮಣ್ಣಿನ ಹೆಂಟೆ ಕುಸಿಯಿತು. ಅಮ್ಮ ಮೆಲ್ಲಗೆ ಹೇಳಿದಳು:

“ಮಗು ಅದು. ಅದಕ್ಕೇನು ಗೊತ್ತು ಪಾಪ.”

“ಮಗು ದೊಡ್ಡೋಳಾಗ್ಲಿಲ್ವಾ? ಊರವ್ರು ಊನಾಗೆ ಬಾವಿ ನೀರು ಬಿಡ್ಲಿಲ್ಲ. ಅವಳು ಮಕ್ಕಳನ್ನ ಎಳ್ಕೊಂಡು ಗುಡ್ಡ ದಾಟಿ ಹೋಗ್ಬೇಕಾಯ್ತು. ಆಗ ಸಿಸಿಲಿ ಬಾವಿಕಟ್ಟೆ ಮೇಲೇ ನಿಂತಿದ್ಲು. ತುಟಿ ಬಿಚ್ಚಲಿಲ್ಲ. ನನಗೆ ಹೇಳಿದ್ದು ಸಾಯೋ ಮುಂಚೆ. ದಿನಾ ಒಂದು ಆಲೂಗಡ್ಡೆ ಇಡು, ಯಾರ್ಗೂ ಹೇಳ್ಬೇಡ ಅಂದ್ಲು. ನಾನೂ ಇಟ್ಟೆ, ನಾನೂ ಹೇಳ್ಲಿಲ್ಲ. ಒಂದು ಆಲೂಗಡ್ಡೇಲಿ ತೀರಿಸ್ಬಿಡ್ತೀನಿ ಅನ್ಕೊಂಡಿದ್ದೆ, ಮೂರ್ಖ ಮುಂಡೇದು.”

ಡೀಲಿಯಾ ಅಳುತ್ತಾಳೆ ಎಂದುಕೊಂಡೆ. ಅವಳು ಅಳಲಿಲ್ಲ. ಕೈಯ ಮಣ್ಣನ್ನು ಏಪ್ರನ್ನಿಗೆ ಒರೆಸಿಕೊಂಡು ಅಮ್ಮನನ್ನೇ ನೋಡಿ ಕೇಳಿದಳು:

“ಈಗ ಸರದಿ ದಿನ ಟೀ ಬಗ್ಸೋದ್ಯಾರು ಅತ್ತೆ?”

ಅಮ್ಮ ಎದ್ದು ಬಾಗಿಲ ಚಿಲಕ ಹಾಕಿ ಬಂದಳು. “ಈ ಮಾತು ಹೊಸ್ತಿಲು ದಾಟ್ಬಾರ್ದು. ಸರದಿ ಮುಗೀಲಿ, ಆಮೇಲೆ ನೋಡೋಣ. ಆಸ್ಟಿನ್, ನಾಳೆ ಆ ಕಲ್ಲು ಕಿತ್ತಾಕಿ. ಅಮ್ಮ, ನೀನು ಉಣ್ಣು.”

“ನಾನು ಕೇಳಿದ್ದು ಕಲ್ಲಿನ ಮಾತಲ್ಲ.”

“ಕಪ್ಪು ಹೊನೋರಾದು” ಎಂದಳು ಅಮ್ಮ. “ಸ್ಟೇಸಿ ಬಗ್ಸ್ತಾಳೆ.”

ನಾನು ಬಾಯಿ ತೆಗೆದೆ, ಆದರೆ ಡೀಲಿಯಾ ಮೊದಲೇ ಶುರು ಮಾಡಿದ್ದಳು. ಮನೆಗೆ ಬಂದಾಗಿನಿಂದ ಅವಳು ದನಿಯೆತ್ತಿದ್ದು ಅದೇ ಮೊದಲು.

“ಆ ವರ್ಷಗಳಲ್ಲಿ ಇದೇ ಬಂದರಿಂದ ಓಟ್ಸು, ಬೆಣ್ಣೆ ತುಂಬ್ಕೊಂಡು ಹಡಗು ಹೋಗ್ತಾನೇ ಇತ್ತಂತೆ. ಮೂಟೆಗೆ ಕಾವಲು ನಿಂತೋರು ಯಾರು, ಬಾಡಿಗೆ ಕೊಡ್ಲಿಲ್ಲ ಅಂತ ಸೂರು ಕಿತ್ತೋರು ಯಾರು, ಎಲ್ಲರ ಹೆಸರೂ ಈ ಊರಿಗೆ ಗೊತ್ತು. ಆ ಜಮೀನ್ದಾರರ ಮೊಮ್ಮಗ ಕಾರಲ್ಲಿ ಬಂದ್ರೆ ಮಾವ ಟೋಪಿ ತೆಗೀತಾರೆ. ನೀವೂ ನಗ್ತೀರಿ. ಅನ್ನ ಕಸ್ಕೊಂಡೋರಿಗೆ ಮರ್ಯಾದೆ, ಹಸಿದು ಉಂಡೋರಿಗೆ ಸೊರ್ರ್. ಇದ್ಯಾವ ನ್ಯಾಯ?”

ಅಪ್ಪ ತನ್ನ ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಾ ಕೂತ. ಫೆಸ್ಟಿ ಎದ್ದು ಅವಳ ತೋಳು ಹಿಡಿದ.

“ಬಿಡು ಡೀಲಿಯಾ. ಒಂದು ಬೆಳಿಗ್ಗೆ ತಾನೇ? ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿದೋಗುತ್ತೆ.”

“ನಾಳೆ ನಿನ್ನ ಮಗು ಶಾಲೆಗೆ ಹೋಗುವಾಗ ಗೋಡೆ ಹಿಂದೆ ಹೀರ್ತಾರಲ್ಲ, ಅವತ್ತೂ ಅದಕ್ಕೆ ಇದನ್ನೇ ಹೇಳ್ತೀಯಾ? ಒಂದು ಬೆಳಿಗ್ಗೆ ತಾನೇ ಅಂತ?”

ಫೆಸ್ಟಿ ಕೈ ಬಿಟ್ಟ.

“ಕೊಟ್ಟಿಗೇಲಿ ಅಡಗಿಕೊಂಡ ಅಮ್ಮನಿಗೆ ನನ್ನ ಮಗು ಹುಟ್ಟೋದು ಬೇಡ” ಎಂದಳು ಡೀಲಿಯಾ. “ಸರದಿ ದಿನ ನನ್ನನ್ನ ಕೊಟ್ಟಿಗೇಲಿ ಕೂರ್ಸಿದ್ರೆ ಅಲ್ಲಿಂದಾನೇ ನಮ್ಮಪ್ಪನ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ. ನೀನು ಬರೋದಾದ್ರೆ ಬಾ, ಇಲ್ಲಾಂದ್ರೆ ನಿಮ್ಮಮ್ಮನ ಕಪ್ಪು ತೊಳೀತಾ ಇರು.”

“ಅದು ನಮ್ಮಮ್ಮನ ಕಪ್ಪಲ್ಲ” ಎಂದ ನಮ್ಮಣ್ಣ. ದೇವರಾಣೆಗೂ ಅಷ್ಟೇ ಅವನ ಬಾಯಿಂದ ಹೊರಟದ್ದು.

ಆಮೇಲಿನ ದಿನಗಳು ಹೇಗೆ ಕಳೆದವು ಎಂದರೆ, ಎಲ್ಲ ಕೆಲಸವೂ ಆಯಿತು, ಮಾತು ಮಾತ್ರ ಇಲ್ಲ. ಅಪ್ಪ ಕಲ್ಲು ಕಿತ್ತ, ಅಜ್ಜಿ ಉಂಡಳು. ಕಪ್ಪಿನ ಬುಟ್ಟಿ ಬಂತು. ಡೀಲಿಯಾ ಅಡುಗೆಮನೆಯ ನೆಲವನ್ನು ಮರಳು ಹಾಕಿ ತಿಕ್ಕಿದಳು, ಪಾದ್ರಿಗಳು ಮಂಡಿಯೂರುವ ಜಾಗವನ್ನು ಎರಡೆರಡು ಸಲ. ತನ್ನ ಬಟ್ಟೆಯನ್ನು ಒಂದು ಶಾಲಿನಲ್ಲಿ ಗಂಟು ಕಟ್ಟಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದಳು. ಹಾಲು ಕರೆಯಲು ಹೋದವರೆಲ್ಲರಿಗೂ ಅದು ಕಾಣುತ್ತಿತ್ತು. ಅಮ್ಮನಿಗೂ.

ಸರದಿಯ ಹಿಂದಿನ ದಿನ ಅಮ್ಮ ಪೇಟೆಗೆ ಬೆಳ್ಳನೆಯ ಬ್ರೆಡ್ಡು ತರಲು ಹೋಗಿದ್ದಾಗ ಅಜ್ಜಿ ಡೀಲಿಯಾಳನ್ನು ಕರೆದಳು.

“ನಾಳೆಗೆ ನನಗೊಂದಿಷ್ಟು ಸೂಪು ಮಾಡು.”

ಬರೀ ಅಡುಗೆಯ ಮಾತಾಗಿ ಆ ಪದ ಆ ಮನೆಯಲ್ಲಿ ಮದುವೆಯ ದಿನದಿಂದ ಕೇಳಿರಲಿಲ್ಲ. ಡೀಲಿಯಾ ಅಜ್ಜಿಯ ಮುಖ ನೋಡಿದಳು. ಹಂಗಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಹೇಳಿದಳು:

“ನನಗೆ ಮಾಡಕ್ಕೆ ಬರಲ್ಲ ಅಜ್ಜಿ.”

“ಮೂಳೆ ಕುದಿಸೋದಕ್ಕೆ ಬರಲ್ವಾ?”

“ನಮ್ಮನೇಲಿ ಯಾವತ್ತೂ ಮಾಡಿಲ್ಲ. ನಮ್ಮಜ್ಜಿ ಕಾಲದಿಂದಾನೂ ಇಲ್ಲ. ನಾನು ಬಾಯಿಗೆ ಇಟ್ಟೂ ಇಲ್ಲ.”

ನಾನು ಒಲೆಯ ಬೂದಿ ಎತ್ತುತ್ತಿದ್ದವಳು ಹಾಗೇ ಕೂತುಬಿಟ್ಟೆ. ಹಸಿದ ಮಕ್ಕಳಿಗೆ ಉಣಿಸಿದ್ದಕ್ಕೆ ಮೂರು ತಲೆಮಾರು ಒಂದು ಬಟ್ಟಲು ಬಿಸಿ ಸೂಪನ್ನೇ ಬಿಟ್ಟು ಬದುಕಿದೆ, ಚಳಿಗಾಲದಲ್ಲೂ, ಕಾಯಿಲೆಯಲ್ಲೂ. ಇದನ್ನು ಯಾರ ಮುಖಕ್ಕೆ ಎಸೆಯಬೇಕೋ ನನಗೆ ತಿಳಿಯಲಿಲ್ಲ.

“ಬಾ ಅತ್ತಿಗೆ, ನಾನು ಹೇಳಿಕೊಡ್ತೀನಿ” ಎಂದೆ.

ಕೊಟ್ಟಿಗೆಯ ಮೂಲೆಯಲ್ಲಿ ಹಂದಿಗೆ ಬೇಯಿಸುವ ಒಲೆಯ ಮೇಲೆ, ಗಂಟು ನೇತಾಡುತ್ತಿದ್ದ ಮೊಳೆಯ ಕೆಳಗೆ, ಸಣ್ಣ ಪಾತ್ರೆಯಿಟ್ಟು ಮಾಡಿದೆವು. ಕುರಿಯ ಮೂಳೆ, ಟರ್ನಿಪ್ಪು, ಈರುಳ್ಳಿ, ಒಂದು ಹಿಡಿ ಬಾರ್ಲಿ. ಅವಳು ಹೊಸದಾಗಿ ಮದ್ದು ಕಾಯಿಸುವವಳ ಹಾಗೆ ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಿದಳು.

“ಉಪ್ಪು ನೋಡು ಅತ್ತಿಗೆ.”

“ನೀನೇ ನೋಡು” ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು.

ಸರದಿಯ ಬೆಳಿಗ್ಗೆ ಊರೆಲ್ಲ ನಮ್ಮ ಅಂಗಳದಲ್ಲಿತ್ತು. ಪಾದ್ರಿಗಳು ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಪಾಪನಿವೇದನೆ ಕೇಳಿದರು. ಅಜ್ಜಿ ಮಂಡಿಯೂರಿದವಳು ಬಹಳ ಹೊತ್ತು ಏಳಲಿಲ್ಲ. ಈ ವಯಸ್ಸಿನಲ್ಲಿ ಮುದುಕಿಗೆ ಅದೆಂಥ ಪಾಪಗಳಪ್ಪಾ ಎಂದು ಹೊರಗೆ ಗಂಡಸರು ನಗಾಡಿದರು. ಡೀಲಿಯಾ ಹಿಂದಿನ ಬಾಗಿಲ ಬಳಿ ಮಂಡಿಯೂರಿ ಪೂಜೆ ಮುಗಿಸಿದಳು. ಎಲ್ಲರೂ ತಿಂಡಿಗೆ ಕುರ್ಚಿ ಎಳೆಯುವಾಗ ಅಮ್ಮ ಅವಳ ಕಡೆ ಒಮ್ಮೆ ನೋಡಿ ಬ್ರೆಡ್ಡಿನ ಕಡೆಗೆ ತಿರುಗಿದಳು. ಡೀಲಿಯಾ ಎದ್ದು ಕೊಟ್ಟಿಗೆಗೆ ನಡೆದಳು.

ಪಾದ್ರಿಗಳು ಮತ್ತು ನಾಲ್ಕು ಮಂದಿ ಊರ ಹಿರಿಯರು ಒಳಕೋಣೆಯಲ್ಲಿ ಮೊಟ್ಟೆಯ ಮುಂದೆ ಕೂತರು. ಉಳಿದವರು ಅಡುಗೆಮನೆಯ ಉದ್ದ ಮೇಜಿಗೆ. ಹಿಂದಿನ ರಾತ್ರಿಯಿಂದ ಉಪವಾಸವಿದ್ದ ಜನ, ಎಲ್ಲರ ಕಣ್ಣೂ ಬ್ರೆಡ್ಡಿನ ಮೇಲೆ. ನಾನು ಟೀ ಪಾತ್ರೆಯನ್ನು ಮೇಜಿನ ಮಧ್ಯೆ ಇಟ್ಟು ಕೈಕಟ್ಟಿ ನಿಂತೆ.

“ಬಗ್ಸೇ” ಎಂದು ಅಮ್ಮ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು.

“ಕೈ ನೋಯ್ತಿದೆ.”

ಅಷ್ಟರಲ್ಲಿ ಅಜ್ಜಿ ಮೇಜಿನ ತುದಿಯಲ್ಲಿ ಕೂತು ಕೋಲಿನಿಂದ ನೆಲ ಕುಟ್ಟಿ ಕೂಗಿದಳು: “ಡೀಲಿಯಾ. ನನ್ನ ಸೂಪು ತಗೊಂಬಾ.”

ಅರ್ಧ ಕತ್ತರಿಸಿದ ಬ್ರೆಡ್ಡಿನಲ್ಲಿ ಚಾಕು ನಿಂತಿತು. ಹಿಂದಿನ ಬಾಗಿಲು ತೆರೆದು ಡೀಲಿಯಾ ಪಾತ್ರೆ ಹಿಡಿದು ಬಂದಳು. ಗಂಟು ಆಗಲೇ ಅವಳ ತೋಳಿನಲ್ಲಿತ್ತು. ಹೆಗಲ ಮೇಲೆ ಶಾಲಿರಲಿಲ್ಲ, ಚಳಿಗೆ ಮೂಗು ಕೆಂಪಾಗಿತ್ತು.

“ಬಟ್ಟಲು ಬೇಡ. ಆ ಚಿನ್ನದಂಚಿನ ಕಪ್ಪಲ್ಲಿ ಹಾಕು.”

ಹೊನೋರಾ ಅರ್ಧ ಎದ್ದಳು. ಡೀಲಿಯಾ ಕಪ್ಪಿಗೆ ಸೂಪು ಬಗ್ಗಿಸಿದಳು. ಅಜ್ಜಿ ಎರಡು ಕೈಯಲ್ಲೂ ಎತ್ತಿಕೊಂಡಳು. ಬಾಯಲ್ಲಿ ಒಂದೂ ಹಲ್ಲಿಲ್ಲ, ಸದ್ದಿಲ್ಲದೆ ಕುಡಿಯುವುದು ಅವಳಿಂದಾಗದು. ಸೊರ್ರ್ ಎಂದಿತು. ಆ ಸದ್ದನ್ನು ಎಷ್ಟೋ ಸಲ ಮಾಡಿದ ಜನ ಮೇಜಿನ ಎರಡೂ ಕಡೆ ಕೂತು ಅದನ್ನು ಕೇಳಿದರು.

“ನಮ್ಮಮ್ಮ ಸಿಸಿಲಿ ಬದುಕಿದ್ದು ಇದನ್ನ ಕುಡಿದು” ಎಂದಳು ಅಜ್ಜಿ. “ಊನಾ ಪ್ಯಾಡೆನ್ ಹಿತ್ತಲ ಗೋಡೆ ಕಂಡೀಲಿ ಇಟ್ಟ ಸೂಪು. ಆ ಸೂಪಿಲ್ದಿದ್ರೆ ನಾನಿಲ್ಲ, ಸಬೀನಾ ಇಲ್ಲ, ಈ ಸರದೀನೂ ಇಲ್ಲ. ನಿಮ್ಮ ಮನೆಗಳಲ್ಲೂ ಒಂದೊಂದು ಗೋಡೆಗೆ ಒಂದೊಂದು ಕಂಡಿ ಇದ್ದೇ ಇರುತ್ತೆ. ಹೋಗಿ ಹುಡುಕಿ.”

ಒಳಕೋಣೆಯ ಬಾಗಿಲಲ್ಲಿ ಪಾದ್ರಿಗಳು ಬಂದು ನಿಂತಿದ್ದರು. “ವಿನ್ನಿಯಮ್ಮ, ಹಳೇದನ್ನೆಲ್ಲ ಯಾಕೆ ಕೆದಕ್ತೀರಿ? ಇವತ್ತು ಪವಿತ್ರವಾದ ದಿನ.”

“ಅದಕ್ಕೇ ಇವತ್ತೇ ಹೇಳಿದೆ ಫಾದರ್. ಬೆಳಿಗ್ಗೆ ನಿಮ್ಮ ಕಿವೀಲಿ ಮೆಲ್ಲಗೆ ಹೇಳಿದ್ದನ್ನೇ ಈಗ ಜೋರಾಗಿ ಹೇಳಿದೀನಿ. ಅಷ್ಟೇ ವ್ಯತ್ಯಾಸ.”

ಪಾದ್ರಿಗಳು ತಮ್ಮ ಮೊಟ್ಟೆಯ ಕಡೆಗೆ ವಾಪಸು ಹೋದರು. ಹೊನೋರಾ ಪೂರ್ತಿ ಎದ್ದು ನಿಂತು ಕೈಚೀಲ ಎತ್ತಿಕೊಂಡಳು.

“ಹಾಗಾದ್ರೆ ಇದೂ ಸೂಪಿನ ಮನೇನೇ” ಎಂದು ಅವಳು ಅಮ್ಮನ ಮುಖಕ್ಕೇ ತುಟಿ ಚೂಪು ಮಾಡಿದಳು.

ನಮ್ಮಮ್ಮನನ್ನು ನಾನು ಬಲ್ಲೆ. ಅಜ್ಜಿಯ ಮಾತಿಗೆ ಕರಗಿದಳೆಂದು ಹೇಳಿದರೆ ಸುಳ್ಳಾಗುತ್ತದೆ. ಬೇರೆಯವರ ಬೆನ್ನಿಗೆ ಬೀಳುವಾಗ ಸಣ್ಣದಾಗಿ ಕಂಡದ್ದು ತನ್ನ ಮುಖಕ್ಕೆ ಬಿದ್ದಾಗ ಎಷ್ಟು ದೊಡ್ಡದು ಎಂದು ಆ ಗಳಿಗೆಯಲ್ಲಿ ಅವಳಿಗೆ ಗೊತ್ತಾಯಿತು. ಕಿವಿಯವರೆಗೂ ಕೆಂಪಾದಳು. ಮೇಜು ಸುತ್ತಿ ಬಂದು ಡೀಲಿಯಾಳ ತೋಳಿನಿಂದ ಗಂಟನ್ನು ಕಿತ್ತು ಫೆಸ್ಟಿಯ ಎದೆಗೆ ತಳ್ಳಿದಳು.

“ಇದನ್ನ ಒಳಗಿಟ್ಟು ಬಾ, ಮರದ ಥರ ನಿಂತ್ಕೋಬೇಡ” ಎಂದಳು. ಟೀ ಪಾತ್ರೆಯ ಹಿಡಿಯನ್ನು ಡೀಲಿಯಾಳ ಕೈಗೆ ಕೊಟ್ಟಳು. “ಹೌದು ಹೊನೋರಾ, ಸೂಪಿನ ಮನೇನೇ. ನನ್ನ ಸೊಸೆ ಟೀ ಬಗ್ಸ್ತಾಳೆ. ಕುಡಿಯೋರು ಕುಡೀರಿ, ಉಪವಾಸ ಇರೋರು ಇರಿ.”

ಕೆಲವರು ಎದ್ದು ಹೋದರು. ಕೆಲವರು ಕೂತರು, ಹಸಿವಾಗಿತ್ತಲ್ಲ. ಅವರಲ್ಲಿ ಎಷ್ಟು ಮಂದಿಗೆ ನಾಚಿಕೆಯಾಗಿತ್ತೋ, ಎಷ್ಟು ಮಂದಿಗೆ ಬ್ರೆಡ್ಡಿನ ಆಸೆಯಾಗಿತ್ತೋ ನನಗೆ ಗೊತ್ತಿಲ್ಲ, ಒಳ್ಳೆಯ ಮಾತು ಸೇರಿಸಿ ಹೇಳುವ ಮನಸ್ಸೂ ನನಗಿಲ್ಲ. ಹೊನೋರಾ ತನ್ನ ಕಪ್ಪುಗಳನ್ನು ತೊಳೆಯಲೂ ಬಿಡದೆ ಬುಟ್ಟಿಗೆ ತುಂಬಿಕೊಂಡಳು. ಸೂಪು ಹಾಕಿದ ಕಪ್ಪನ್ನು ಮಾತ್ರ ಮುಟ್ಟಲಿಲ್ಲ.

“ಅದು ನನಗೆ ಬೇಡ” ಎಂದಳು.

“ನಾನೂ ಕೊಡಲ್ಲ” ಎಂದಳು ಅಜ್ಜಿ.

ಎಲ್ಲರೂ ಹೋದ ಮೇಲೆ ನಾವು ಮನೆಯವರೇ ಮೇಜಿಗೆ ಕೂತೆವು. ಫೆಸ್ಟಿ ಹೆಂಡತಿಯ ಪಕ್ಕದಲ್ಲಿ ಕೂರಲೋ ಬೇಡವೋ ಎಂದು ನಿಂತಿದ್ದ. ಅವಳು ಅವನ ಕಡೆ ನೋಡಲೂ ಇಲ್ಲ, ಕುರ್ಚಿಯನ್ನು ದೂರ ಎಳೆಯಲೂ ಇಲ್ಲ. ಅಪ್ಪ ತಾನೇ ಎದ್ದು ಸೂಪಿನ ಪಾತ್ರೆಯನ್ನು ಬಿಸಿ ಮಾಡಿ ತಂದು, ಆ ಕಪ್ಪಿಗೆ ಬಗ್ಗಿಸಿ ಡೀಲಿಯಾಳ ಮುಂದೆ ಇಟ್ಟ.

ಅವಳು ಎತ್ತಿ ಒಂದು ಗುಟುಕು ಕುಡಿದಳು. ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು. ಕಪ್ಪಿನೊಳಗೆ ಇನ್ನೇನಾದರೂ ಇದೆಯೇ ಎಂಬಂತೆ ಬಗ್ಗಿ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

“ಇಷ್ಟೇನಾ?” ಎಂದಳು.

ಕಪ್ಪನ್ನು ಮೇಜಿನ ಮೇಲೆ ಇಟ್ಟಳು.

“ಮೂಳೆ, ಟರ್ನಿಪ್ಪು, ಬಿಸಿನೀರು. ಇಷ್ಟಕ್ಕಾ ಅತ್ತೆ?”

ಅಮ್ಮ ತನ್ನ ಖಾಲಿ ಕಪ್ಪನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದಳು.